ಐದು ದಾಳ, 13 ಮನೆ: ಇದು ಜೂಜಲ್ಲ

ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ದಾಳದ ಆಟ ಆಡಿಸಬಹುದೇ? ಆಡಿಸಬಹುದು, ವಾರಕ್ಕೊಂದು ಪೀರಿಯಡ್ ಆಡಿಸಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ. ಹೀಗೆಂದಾಗಲೆಲ್ಲ ಹೊಸೂರು, ದೇನ್ಕನಿಕೋಟೆ ಕಡೆಯ ನಮ್ಮ ಶಿಕ್ಷಕ ಮಿತ್ರರಲ್ಲಿ ಕೆಲವರು ನಗುತ್ತಾರೆ. ಪಾಠ ಮುಗಿಸುವುದಕ್ಕೇ ಸಮಯವಿಲ್ಲ, ಇವರಿಗೆ ಆಟ ಬೇಕಂತೆ ಎಂಬ ನಗು ಅದು. ಆ ನಗುವಿಗೆ ಉತ್ತರ ಸುಲಭ, ಆಮೇಲೆ ಕೊಡುತ್ತೇವೆ. ಕಷ್ಟವಾದದ್ದು ಪೋಷಕರ ಪ್ರಶ್ನೆ.

ನಮ್ಮ ತರಗತಿಯ ಹುಡುಗನೊಬ್ಬ ಮನೆಗೆ ಹೋಗಿ "ಇವತ್ತು ಸ್ಕೂಲಲ್ಲಿ ದಾಳ ಹಾಕಿದ್ವಿ" ಎಂದು ಸಂಭ್ರಮದಿಂದ ಹೇಳಿಕೊಂಡಿದ್ದಾನೆ. ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಅವನ ತಾಯಿ ಗೇಟಿನ ಬಳಿ ನಿಂತಿದ್ದರು. "ಮೇಷ್ಟ್ರೇ, ಮನೇಲಿ ಒಬ್ರು ಆಡಿ ಆಡಿ ಹಾಳಾಗಿರೋದು ಸಾಲ್ದು ಅಂತ ನೀವೂ ಮಗೂಗೆ ಜೂಜು ಕಲಿಸ್ತಾ ಇದೀರಾ?" ಎಂದು ಕೇಳಿದರು. ಅವರ ಯಜಮಾನರು ಸಿಪ್ಕಾಟ್ ಕಡೆ ಪಾಳಿ ಕೆಲಸಕ್ಕೆ ಹೋಗುವವರು. ರಾತ್ರಿ ಪಾಳಿಯ ಬಿಡುವಿನಲ್ಲಿ ಫೋನಿನಲ್ಲಿ ರಮ್ಮಿ ಶುರು ಮಾಡಿ, ಕೊನೆಗೆ ಹೆಂಡತಿಯ ಚೀಟಿ ಹಣವನ್ನೂ ಅದಕ್ಕೇ ಹಾಕಿದ್ದರಂತೆ. ಆ ತಾಯಿಯ ಸಿಟ್ಟು ಸುಳ್ಳಲ್ಲ. ನಮ್ಮ ಕಡೆ ಇಂಥ ಮನೆ ಇದೊಂದೇ ಅಲ್ಲ.

ಸರ್ಕಾರಗಳಿಗೂ ಇದು ಗೊತ್ತಾಗಿದೆ. ತಮಿಳುನಾಡು ವಿಧಾನಸಭೆ 2022ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ಮಸೂದೆ ತಂದು, ಅದು 2023ರ ಏಪ್ರಿಲ್‌ನಲ್ಲಿ ಕಾಯ್ದೆಯಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದೇ ಆಯಿತು. ಆದರೆ ಕಾಯ್ದೆ ಅಂಗಡಿಯ ಬಾಗಿಲು ಹಾಕಿಸಬಹುದು, "ಇಷ್ಟು ಹೊತ್ತು ಸೋತಿದ್ದೇನೆ, ಇನ್ನು ಗೆಲ್ಲಲೇಬೇಕು" ಎಂಬ ತಪ್ಪು ಲೆಕ್ಕವನ್ನು ತಲೆಯಿಂದ ತೆಗೆಯಲಾರದು. ಅದು ಶಾಲೆಯ ಕೆಲಸ. ಆ ಕೆಲಸಕ್ಕೆ ನಾವು ಕಂಡಿರುವ ಸಾಧನಗಳಲ್ಲಿ ಒಳ್ಳೆಯದು, ವಿಚಿತ್ರವೆಂದರೆ, ಒಂದು ದಾಳದ ಆಟವೇ!

ಆಟದ ಹೆಸರು ಯಾಟ್ಸಿ. 1956ರಲ್ಲಿ ಅಮೆರಿಕದ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿ ಇದನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದರು. 1973ರಲ್ಲಿ ಅದು ಮಿಲ್ಟನ್ ಬ್ರಾಡ್ಲಿ ಕಂಪೆನಿಯ ಪಾಲಾಯಿತು. ಆದರೆ ಆಟ ಅದಕ್ಕಿಂತ ಹಳೆಯದು. ಇಂಗ್ಲಿಷಿನವರ ಯಾಟ್, ದಕ್ಷಿಣ ಅಮೆರಿಕದವರ ಹೆನೆರಾಲಾ ಎಲ್ಲವೂ ಇದರ ಅಕ್ಕತಂಗಿಯರು. ಕಂಪ್ಯೂಟರಿನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ನಾವು ಆಡಿಸುವುದು ಲಿನಕ್ಸ್‌ನ ಗ್ನೋಮ್ ಆಟಗಳಲ್ಲಿ ಒಂದಾದ 'ತಾಲಿ'. ಪ್ರಾಚೀನ ರೋಮಿನ ಮೂಳೆದಾಳದ ಆಟದ ಹೆಸರು ಅದು. (ತಮಿಳಿನಲ್ಲಿ ತಾಲಿ ಎಂದರೆ ಮದುವೆಯ ತಾಳಿ. "ಇವತ್ತು ಲ್ಯಾಬಲ್ಲಿ ತಾಲಿ ಇದೆ" ಎಂದು ನಮ್ಮ ಮಕ್ಕಳು ತಮಿಳು ಮಾಧ್ಯಮದ ಗೆಳೆಯರಿಗೆ ಹೇಳಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಪಕ್ಕದಲ್ಲೇ ತಳಿ ಎಂಬ ಊರು ಬೇರೆ ಇದೆ!)

ಈಗ ಆಡುವ ಕ್ರಮ. ಐದು ದಾಳ. ಒಂದು ಸರದಿಗೆ ಮೂರು ಎಸೆತ. ಮೊದಲ ಎಸೆತದಲ್ಲಿ ಐದನ್ನೂ ಉರುಳಿಸಬೇಕು. ಬಂದದ್ದರಲ್ಲಿ ಬೇಕಾದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಮಾತ್ರ ಎರಡನೇ ಸಲ ಉರುಳಿಸಬಹುದು. ಹಾಗೆಯೇ ಮೂರನೇ ಸಲ. ಮೊದಲ ಎಸೆತದಲ್ಲೇ ತೃಪ್ತಿಯಾದರೆ ಅಲ್ಲಿಗೇ ನಿಲ್ಲಿಸಬಹುದು. ಸರದಿ ಮುಗಿದ ಮೇಲೆ ಅಂಕಪಟ್ಟಿಯ 13 ಮನೆಗಳಲ್ಲಿ ಯಾವುದಾದರೂ ಒಂದು ಖಾಲಿ ಮನೆಯಲ್ಲಿ ಅಂಕ ಬರೆಯಲೇಬೇಕು. ಒಂದು ಮನೆಯನ್ನು ಒಂದೇ ಸಲ ತುಂಬಬಹುದು. ಬಂದ ದಾಳ ಯಾವ ಖಾಲಿ ಮನೆಗೂ ಹೊಂದದಿದ್ದರೆ ಎಲ್ಲಾದರೂ ಒಂದು ಕಡೆ ಸೊನ್ನೆ ಹಾಕಬೇಕು. 13 ಸರದಿ, 13 ಮನೆ, ಆಟ ಮುಗಿಯಿತು.

ಮನೆಗಳ ಹೆಸರು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಂಡರೆ ಮಕ್ಕಳು ಅವನ್ನು ಓದುವುದಿಲ್ಲ, ಚಿತ್ರದಂತೆ ನೋಡುತ್ತಾರೆ. ಆದ್ದರಿಂದ ನಾವು ಮಕ್ಕಳೊಂದಿಗೆ ಕೂತು ಕನ್ನಡದ ಹೆಸರುಗಳನ್ನು ಕಟ್ಟಿ, ಚಾರ್ಟಿನಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದ್ದೇವೆ. ನಿಘಂಟು ನೋಡಿ ಅನುವಾದ ಮಾಡಿದ್ದಲ್ಲ. ಚೌಕಾಬಾರ ಆಡುವ ಮನೆಗಳಲ್ಲಿ ಮಾತುಗಳಿಗೇನು ಬರವೇ? ಪಟ್ಟಿಯ ಮೇಲಿನ ಆರು ಸಾಲು 'ಮೇಲ್ಮನೆ', ಕೆಳಗಿನ ಏಳು ಸಾಲು 'ಕೆಳಮನೆ' ಆಯಿತು. (ವಿಧಾನ ಪರಿಷತ್ತು, ವಿಧಾನಸಭೆ ನೆನಪಾದರೆ ಅದಕ್ಕೆ ನಾವು ಹೊಣೆಯಲ್ಲ.)

ಮೇಲ್ಮನೆಯಲ್ಲಿ ಒಂದು, ಎರಡು, ಮೂರು ಎಂದು ಆರರವರೆಗೆ ಮನೆಗಳು. ನಾಲ್ಕರ ಮನೆಗೆ ಬರೆಯುವುದಾದರೆ ಐದು ದಾಳಗಳಲ್ಲಿ ಎಷ್ಟು ನಾಲ್ಕಿವೆಯೋ ಅವುಗಳ ಮೊತ್ತ ಮಾತ್ರ ಲೆಕ್ಕಕ್ಕೆ. ಮೂರು ನಾಲ್ಕಿದ್ದರೆ 12. ಮೇಲ್ಮನೆಯ ಒಟ್ಟು ಮೊತ್ತ 63 ಮುಟ್ಟಿದರೆ ಇನ್ನೂ 35 ಅಂಕ ಹೆಚ್ಚಿಗೆ ಸಿಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಬೋನಸ್. ನಮ್ಮ ಹುಡುಗಿಯೊಬ್ಬಳು ಇದಕ್ಕೆ 'ಕೊಸರು' ಎಂದಳು. ಅವಳ ಅಜ್ಜಿ ಬಾಗಲೂರು ಸಂತೆಯಲ್ಲಿ ತರಕಾರಿ ಮಾರುವವರು. ಅದಕ್ಕಿಂತ ಒಳ್ಳೆಯ ಪದ ಯಾವ ವಿಶ್ವವಿದ್ಯಾಲಯವೂ ಕೊಡಲಾರದು!

ಕೆಳಮನೆಯಲ್ಲಿ ಮೊದಲನೆಯದು 'ಮೂರೊಂದೇ', ಅಂದರೆ ಮೂರು ದಾಳ ಒಂದೇ ಸಂಖ್ಯೆ. ಎರಡನೆಯದು 'ನಾಲ್ಕೊಂದೇ'. ಈ ಎರಡಕ್ಕೂ ಐದು ದಾಳಗಳ ಒಟ್ಟು ಮೊತ್ತವೇ ಅಂಕ. ಒಂದು ಸಂಖ್ಯೆಯ ಮೂರು, ಇನ್ನೊಂದರ ಎರಡು ಬಂದರೆ 'ಮೂರು-ಜೋಡಿ', ಅದಕ್ಕೆ 25. ನಾಲ್ಕು ಸಂಖ್ಯೆ ಒಂದರ ಹಿಂದೊಂದು ಬಂದರೆ (1-2-3-4 ಇದ್ದಂತೆ) 'ಚಿಕ್ಕ ಸಾಲು', 30. ಐದೂ ಸಾಲಾಗಿ ಬಂದರೆ 'ದೊಡ್ಡ ಸಾಲು', 40. ಐದು ದಾಳವೂ ಒಂದೇ ಆದರೆ 50. ಇದಕ್ಕೆ 'ಗರ' ಎಂದೇ ಹೆಸರಿಟ್ಟಿದ್ದೇವೆ, ಗರ ಬಿತ್ತು ಎಂದು ಕೂಗುವುದಕ್ಕೂ ಚೆನ್ನ. ಕೊನೆಯದು ಯಾವುದಕ್ಕೂ ಹೊಂದದ ದಾಳಗಳನ್ನು ಕೂಡಿ ಬರೆಯುವ ಮನೆ. ಅದಕ್ಕೆ 'ಬಂದದ್ದು ಬರಲಿ' ಎಂದು ಮಕ್ಕಳೇ ಹೆಸರು ಕೊಟ್ಟರು.

ಇಷ್ಟೇ ಆಟ. ಐದನೇ ತರಗತಿಯ ಮಗು ಹತ್ತು ನಿಮಿಷದಲ್ಲಿ ಕಲಿಯುತ್ತದೆ. ಕೂಡುವುದು, ಗುಣಿಸುವುದು ತಾನಾಗಿಯೇ ಬರುತ್ತದೆ ಎನ್ನುವುದು ನಿಜ, ಆದರೆ ಅಷ್ಟಕ್ಕಾಗಿ ಈ ಆಟ ಬೇಕಿಲ್ಲ. ಮಗ್ಗಿಗೆ ಬೇರೆ ದಾರಿಗಳಿವೆ. ಈ ಆಟದ ಸಾರ ಇರುವುದು "ಏನನ್ನು ಇಟ್ಟುಕೊಳ್ಳಲಿ, ಏನನ್ನು ಬಿಡಲಿ" ಎಂಬ ಒಂದು ಪ್ರಶ್ನೆಯಲ್ಲಿ. ಪ್ರತಿ ಸರದಿಯಲ್ಲೂ ಮಗು ಎರಡು ಸಲ ಈ ಪ್ರಶ್ನೆ ಕೇಳಿಕೊಳ್ಳಬೇಕು. ಆಮೇಲೆ ಎಲ್ಲಿ ಬರೆಯಲಿ ಎಂಬ ಮೂರನೇ ಪ್ರಶ್ನೆ.

ಒಂದು ಉದಾಹರಣೆ ನೋಡಿ. ಮೊದಲ ಎಸೆತದಲ್ಲಿ 2, 4, 4, 5, 6 ಬಿತ್ತು. ಒಂದು ನಾಲ್ಕನ್ನು ಮತ್ತೆ ಉರುಳಿಸಿ 3 ಬಂದರೆ 2-3-4-5-6, ದೊಡ್ಡ ಸಾಲು, 40 ಅಂಕ. ಇನ್ನೂ ಎರಡು ಎಸೆತ ಉಳಿದಿವೆ. 3 ಬರುವ ಸಾಧ್ಯತೆ ಎಷ್ಟು? ಮಕ್ಕಳು ಮೊದಲು "ಆರರಲ್ಲಿ ಒಂದು, ಎರಡು ಸಲ, ಅಂದರೆ ಆರರಲ್ಲಿ ಎರಡು" ಎನ್ನುತ್ತಾರೆ. ಹೌದೆನ್ನಬೇಡಿ, ಅಲ್ಲವೆನ್ನಲೂ ಬೇಡಿ. ಕರಿಹಲಗೆಯ ಮೇಲೆ ಅಡ್ಡ ಆರು, ಉದ್ದ ಆರು, ಒಟ್ಟು 36 ಮನೆ ಗೀರಿ. ಮೊದಲ ಎಸೆತದಲ್ಲೋ ಎರಡನೆಯದರಲ್ಲೋ 3 ಇರುವ ಮನೆಗಳಿಗೆ ಬಣ್ಣ ಹಾಕಲು ಹೇಳಿ. 11 ಮನೆಗೆ ಬಣ್ಣ ಬೀಳುತ್ತದೆ, 12ಕ್ಕೆ ಅಲ್ಲ. 12ನೆಯದು ಎಲ್ಲಿ ಹೋಯಿತು ಎಂದು ಹುಡುಕುವ ಜಗಳವೇ ಆವತ್ತಿನ ಪಾಠ. (ಎರಡು ಸಲವೂ 3 ಬಂದ ಮನೆಯನ್ನು ಎರಡು ಸಲ ಎಣಿಸಿದ್ದರು, ಅಷ್ಟೇ.)

ಈಗ ಕೈಯಲ್ಲಿ 2, 3, 4, 5 ಇದ್ದು ಒಂದು ದಾಳ ಉಳಿದಿದೆ ಎಂದಿಟ್ಟುಕೊಳ್ಳಿ. ಇಲ್ಲಿ 1 ಬಂದರೂ ಸರಿ, 6 ಬಂದರೂ ಸರಿ. ಅದೇ ಚೌಕದಲ್ಲಿ ಬಣ್ಣ ಹಾಕಿದರೆ 20 ಮನೆ. ಒಂದು ಕಡೆ 36ರಲ್ಲಿ 11, ಇನ್ನೊಂದು ಕಡೆ 36ರಲ್ಲಿ 20! ನಡುವೆ ಹಲ್ಲು ಬಿದ್ದ ಸಾಲಿಗೂ ಎರಡು ತುದಿ ತೆರೆದಿರುವ ಸಾಲಿಗೂ ಇರುವ ವ್ಯತ್ಯಾಸ ಇದು. ಇದನ್ನು ಒಮ್ಮೆ ಕಂಡ ಮಗು ಆಮೇಲೆ ದಾಳ ಉರುಳಿಸುವ ಮುನ್ನ ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣಕ್ಕಾಗಿಯೇ ನಾವು ಇಷ್ಟೆಲ್ಲ ಹೇಳುತ್ತಿರುವುದು.

ಇನ್ನೊಂದು ಚಂದದ ಲೆಕ್ಕವಿದೆ, ಒಂಬತ್ತು ಹತ್ತನೇ ತರಗತಿಯವರಿಗೆ. 'ಬಂದದ್ದು ಬರಲಿ' ಮನೆಗೆ ಹೆಚ್ಚು ಮೊತ್ತ ಬೇಕು. ದಾಳದಲ್ಲಿ 4 ಬಿದ್ದಿದೆ. ಇಟ್ಟುಕೊಳ್ಳಬೇಕೋ, ಮತ್ತೆ ಉರುಳಿಸಬೇಕೋ? ಉತ್ತರ, ಎಷ್ಟು ಎಸೆತ ಉಳಿದಿದೆ ಎಂಬುದರ ಮೇಲೆ. ಒಂದೇ ಎಸೆತ ಉಳಿದಿದ್ದರೆ ಅದರಿಂದ ಬರುವ ಸರಾಸರಿ 3.5, ಆದ್ದರಿಂದ ಕೈಯಲ್ಲಿರುವ 4 ಮೇಲು. ಎರಡು ಎಸೆತ ಉಳಿದಿದ್ದರೆ, ಸರಿಯಾಗಿ ಆಡಿದಾಗ ಸರಾಸರಿ 4.25 ಬರುತ್ತದೆ, ಆದ್ದರಿಂದ 4ನ್ನು ಬಿಡುವುದೇ ಮೇಲು. ಅದೇ ನಾಲ್ಕು, ಮೊದಲ ಎಸೆತದ ನಂತರ ಬಿಸಾಡಬೇಕಾದದ್ದು, ಎರಡನೆಯದರ ನಂತರ ಕಾಪಾಡಿಕೊಳ್ಳಬೇಕಾದದ್ದು. ಹೀಗೆ ಆಡಿದರೆ ಐದು ದಾಳಗಳಿಗೆ ಸರಾಸರಿ 23ಕ್ಕಿಂತ ಸ್ವಲ್ಪ ಹೆಚ್ಚು. ಸುಮ್ಮನೆ ಒಂದೇ ಸಲ ಉರುಳಿಸಿದರೆ 17.5. ಅದೃಷ್ಟ ಎಲ್ಲರಿಗೂ ಒಂದೇ, ಐದೂವರೆಗಿಂತ ಹೆಚ್ಚಿನ ಆ ವ್ಯತ್ಯಾಸ ಮಾತ್ರ ಯೋಚನೆ ಮಾಡಿದವರದು.

ಮೇಲ್ಮನೆಯ 63 ಎಲ್ಲಿಂದ ಬಂತು ಎಂದು ಮಕ್ಕಳನ್ನೇ ಕೇಳಿ. ಒಂದರಿಂದ ಆರರವರೆಗೆ ಕೂಡಿದರೆ 21, ಪ್ರತಿಯೊಂದೂ ಮೂರು ಮೂರು ಬಂದರೆ 63. ಈಗ ಆಟ ಕೆಟ್ಟು, ಎಲ್ಲೋ ಒಂದು ಕಡೆ ಸೊನ್ನೆ ಹಾಕಲೇಬೇಕಾಗಿದೆ. ಎಲ್ಲಿ ಹಾಕುವುದು? ಮೊದಮೊದಲು ಮಕ್ಕಳು ಸೊನ್ನೆ ಹಾಕಲು ಒಪ್ಪುವುದೇ ಇಲ್ಲ, ಕಣ್ಣಲ್ಲಿ ನೀರು ಬರುತ್ತದೆ. ಪರೀಕ್ಷೆಯ ಸೊನ್ನೆ ನೋಡಿ ನೋಡಿ ಬಂದ ಭಯ ಅದು. ನಾಲ್ಕಾರು ಆಟ ಆದ ಮೇಲೆ ಯಾರೋ ಒಬ್ಬರು ಕಂಡುಕೊಳ್ಳುತ್ತಾರೆ: ಒಂದರ ಮನೆಯಲ್ಲಿ ಸೊನ್ನೆ ಹಾಕಿದರೆ ಹೋಗುವುದು ಸಾಮಾನ್ಯವಾಗಿ ಎರಡೋ ಮೂರೋ ಅಂಕ. ಆ ಮೂರನ್ನು ಬೇರೆಲ್ಲಾದರೂ ಒಂದು 3, 4, 5 ಅಥವಾ 6 ಹೆಚ್ಚಿಗೆ ತಂದರೆ ತುಂಬಿಕೊಳ್ಳಬಹುದು, ಕೊಸರೂ ಉಳಿಯುತ್ತದೆ. ಯಾವುದನ್ನು ಕಳೆದುಕೊಂಡರೆ ಕಡಿಮೆ ನಷ್ಟ ಎಂದು ಮಗು ತಾನೇ ಲೆಕ್ಕ ಹಾಕಿ, ಅಳದೆ ಸೊನ್ನೆ ಬರೆಯುವುದನ್ನು ನೋಡಬೇಕು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಇದು ಜೂಜಲ್ಲ ಎಂದು ನಾವು ಹೇಳುವುದು ಹಣ ಕಟ್ಟುವುದಿಲ್ಲ ಎಂಬ ಒಂದೇ ಕಾರಣಕ್ಕಲ್ಲ. ಅದು ಮೊದಲ ಕಾರಣ, ನಿಜ. ನಮ್ಮಲ್ಲಿ ಗೆದ್ದವರಿಗೆ ಪೆನ್ಸಿಲ್ ಕೂಡ ಇಲ್ಲ, ಚಪ್ಪಾಳೆ ಮಾತ್ರ. ಆದರೆ ಅದಕ್ಕಿಂತ ಆಳದ ಕಾರಣ ಅಂಕಪಟ್ಟಿಯಲ್ಲಿದೆ. ಜೂಜಿಗೆ ಕೊನೆಯೆಂಬುದಿಲ್ಲ. ಸೋತವನಿಗೆ "ಇನ್ನೊಂದು ಆಟ" ಎಂಬ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ, ಹೋದದ್ದನ್ನು ವಾಪಸ್ ತರಲು ಇದ್ದದ್ದನ್ನೂ ಇಡುತ್ತಾನೆ. ಧರ್ಮರಾಯ ರಾಜ್ಯ ಸೋತ ಮೇಲೆ ನಿಲ್ಲಲಿಲ್ಲ, ತಮ್ಮಂದಿರನ್ನು ಇಟ್ಟ, ತನ್ನನ್ನು ಇಟ್ಟುಕೊಂಡ, ಕೊನೆಗೆ ದ್ರೌಪದಿಯನ್ನೂ ಇಟ್ಟ. ಅವನ ಆಟಕ್ಕೆ 13 ಮನೆಗಳ ಪಟ್ಟಿ ಇದ್ದಿದ್ದರೆ...! ಈ ಆಟದಲ್ಲಿ ಮನೆ ತುಂಬಿದರೆ ತುಂಬಿತು. ಕೆಟ್ಟ ಸರದಿಯನ್ನು ಸೊನ್ನೆ ಎಂದು ಬರೆದು ಮುಂದಕ್ಕೆ ಹೋಗಬೇಕು. ಹೆಚ್ಚು ಕಟ್ಟಿ ಅದನ್ನು ಮರಳಿ ಪಡೆಯುವ ದಾರಿಯೇ ಇಲ್ಲ.

ಎರಡನೆಯದು, ಆಸೆಯ ಅಳತೆ. ಮೊದಲ ಎಸೆತದಲ್ಲೇ ಗರ ಬೀಳುವ ಸಾಧ್ಯತೆ 1296ರಲ್ಲಿ ಒಂದು. ಐದು ದಾಳ ಒಟ್ಟು 7776 ರೀತಿಯಲ್ಲಿ ಬೀಳಬಹುದು, ಅದರಲ್ಲಿ ಆರು ಮಾತ್ರ ಗರ. ಮೂರೂ ಎಸೆತಗಳನ್ನು ಗರಕ್ಕಾಗಿಯೇ ಬಳಸಿದರೂ ಸುಮಾರು 22 ಸರದಿಗೆ ಒಮ್ಮೆ ಬರುತ್ತದೆ. ನಮ್ಮ ಮಕ್ಕಳು ಇದನ್ನು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆಯೇ ಮೈಯಲ್ಲಿ ಅರಿತಿರುತ್ತಾರೆ, ಏಕೆಂದರೆ ಆಟದ ಮೇಲೆ ಆಟ ಗರಕ್ಕಾಗಿ ಕಾದು ಸೊನ್ನೆ ಬರೆದಿರುತ್ತಾರೆ. ಫೋನಿನ ಜಾಹೀರಾತುಗಳಲ್ಲಿ ಕಂಡದ್ದು ಗೆದ್ದವರ ಮುಖ ಮಾತ್ರ. 22ರಲ್ಲಿ 21 ಸಲ ಏನಾಗುತ್ತದೆ ಎಂದು ಯಾವ ಜಾಹೀರಾತೂ ತೋರಿಸಲಿಲ್ಲ.

ಮೂರನೆಯದು ಆಗಲೇ ಹೇಳಿದ ತಪ್ಪು ಲೆಕ್ಕ. "ಸಾರ್, ಆಗಿಂದ ಆರು ಬಿದ್ದೇ ಇಲ್ಲ, ಈಗ ಬೀಳಲೇಬೇಕು." ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ. ಉಪದೇಶ ಮಾಡಿದರೆ ಪ್ರಯೋಜನವಿಲ್ಲ. ಒಂದು ದಾಳವನ್ನು ಕೊಟ್ಟು ಸುಮ್ಮನೆ ಉರುಳಿಸುತ್ತಾ ಹೋಗಲು ಹೇಳಿ. ಸತತವಾಗಿ ಐದು ಸಲ ಆರು ಬೀಳದೆ ಹೋದಾಗಲೆಲ್ಲ, ಆರನೇ ಸಲ ಏನು ಬಿತ್ತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಲಿ. ಒಂದು ವಾರ ಇಡೀ ತರಗತಿ ಹಾಕಿದ ಗುರುತುಗಳನ್ನು ಕೂಡಿಸಿ ನೋಡಿ. ಆಗಲೂ ಆರರಲ್ಲಿ ಒಂದರ ಆಸುಪಾಸಿನಲ್ಲೇ ಇರುತ್ತದೆ. ದಾಳಕ್ಕೆ ನೆನಪಿಲ್ಲ ಸಾರ್ ಎಂದು ಮಕ್ಕಳೇ ಹೇಳುತ್ತಾರೆ.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ, ಬರಬೇಕು: "ಕಂಪ್ಯೂಟರ್ ಮೋಸ ಮಾಡಲ್ವಾ ಸಾರ್?" ಬಹಳ ಒಳ್ಳೆಯ ಪ್ರಶ್ನೆ. ಕೈಯ ದಾಳವಾದರೆ ತಿರುಗಿಸಿ ನೋಡಬಹುದು, ಎದುರುಬದುರು ಮುಖಗಳ ಮೊತ್ತ ಏಳು ಇದೆಯೇ ಎಂದು ಪರೀಕ್ಷಿಸಬಹುದು. (ಮೊಹೆಂಜೊದಾರೊದಲ್ಲಿ ಸಿಕ್ಕ ದಾಳಗಳಲ್ಲಿ ಒಂದರ ಎದುರಿಗೆ ಎರಡು ಇತ್ತು, ಏಳರ ನಿಯಮ ಎಲ್ಲ ಕಾಲದ್ದೂ ಅಲ್ಲ.) ಕಂಪ್ಯೂಟರಿನೊಳಗೆ ದಾಳವೇ ಇಲ್ಲ, ಲೆಕ್ಕದಿಂದ ಹುಟ್ಟಿಸಿದ ಸಂಖ್ಯೆ ಇದೆ. ಅದನ್ನು ನಂಬುವುದು ಹೇಗೆ? ಎಣಿಸಿ ನೋಡುವುದು. ಒಂದು ಆಟದಲ್ಲಿ 13 ಸರದಿ, ಪ್ರತಿ ಸರದಿಯ ಮೊದಲ ಎಸೆತದಲ್ಲಿ ಐದು ದಾಳ, ಒಟ್ಟು 65. ಹತ್ತು ಮಕ್ಕಳು ಒಂದೊಂದು ಆಟ ಬರೆದಿಟ್ಟರೆ 650. ಪ್ರತಿ ಮುಖವೂ 108ರ ಆಸುಪಾಸಿನಲ್ಲಿ ಬರಬೇಕು. ಹತ್ತಿಪ್ಪತ್ತು ಅತ್ತಿತ್ತ ಆದರೆ ಸಹಜ, 200 ಬಂದರೆ ಸಂಶಯಪಡಿ. ತಾಲಿಯಂಥ ಸ್ವತಂತ್ರ ತಂತ್ರಾಂಶದಲ್ಲಿ ಇನ್ನೂ ಒಂದು ಹೆಜ್ಜೆ ಹೋಗಬಹುದು: ದಾಳ ಹೇಗೆ ಉರುಳುತ್ತದೆ ಎಂಬ ಪ್ರೋಗ್ರಾಮನ್ನು ಯಾರು ಬೇಕಾದರೂ ತೆರೆದು ಓದಬಹುದು. ಹಣದ ಆಪ್‌ಗಳಲ್ಲಿ ಆಡಿದವರಿಗೆ ಒಳಗಿನದನ್ನು ನೋಡುವ ದಾರಿ ಇರಲಿಲ್ಲ. ಶಕುನಿಯ ದಾಳ ಎನ್ನುತ್ತೇವಲ್ಲ, ಅದನ್ನು ತಿರುಗಿಸಿ ನೋಡಲು ಧರ್ಮರಾಯನಿಗೂ ಯಾರೂ ಕೊಡಲಿಲ್ಲ. ಎಣಿಸದೆ ನಂಬಬೇಡ ಎಂಬ ಅಭ್ಯಾಸ ಏಳನೇ ತರಗತಿಯಲ್ಲೇ ಬಂದುಬಿಟ್ಟರೆ ಯಾವ ಆಪ್ ಬಂದರೂ ಅವರನ್ನು ಸುಲಭದಲ್ಲಿ ಯಾಮಾರಿಸಲಾಗದು.

ಇದೇ ನೆಪದಲ್ಲಿ ನಾಲ್ಕು ಕವಡೆಗಳನ್ನೂ ತರಗತಿಗೆ ತನ್ನಿ. ಚೌಕಾಬಾರದ ಕವಡೆ ಬಾಯಿ ಮೇಲೆ ಬೀಳುವುದೂ ಬೆನ್ನು ಮೇಲೆ ಬೀಳುವುದೂ ಸಮ ಸಮ ಇರಬೇಕೆಂದೇನೂ ಇಲ್ಲ, ಕವಡೆಯಿಂದ ಕವಡೆಗೆ ಬದಲಾಗುತ್ತದೆ. ನೂರು ಸಲ ಹಾಕಿ ಎಣಿಸಿದರೆ ಮಕ್ಕಳಿಗೇ ಕಾಣುತ್ತದೆ. ತಮಿಳು ಮನೆಗಳ ದಾಯಕಟ್ಟೆ ಸಿಕ್ಕರೆ ಅದನ್ನೂ ತನ್ನಿ. ಉದ್ದನೆಯ ಆ ಲೋಹದ ದಾಳಕ್ಕೆ ನಾಲ್ಕೇ ಮುಖ, ಅದರಲ್ಲೊಂದು ಖಾಲಿ. ವೈಕುಂಠ ಏಕಾದಶಿಯ ಜಾಗರಣೆಗೆ ಪರಮಪದ ಹಾಸುವ ಅಜ್ಜಿಯರಿಗೆ ದಾಳ ಪಾಪದ ವಸ್ತುವಾಗಿ ಕಂಡಿದ್ದಿಲ್ಲ. ಪಣ ಬೇರೆ, ದಾಳ ಬೇರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನಗುವ ಮಿತ್ರರಿಗೆ. ತಮಿಳುನಾಡಿನ ಪಠ್ಯದಲ್ಲಿ ಒಂಬತ್ತನೇ ತರಗತಿಯ ಗಣಿತಕ್ಕೂ ಹತ್ತನೆಯದಕ್ಕೂ ಸಂಭವನೀಯತೆಯ ಪಾಠ ಇದೆ. ಅಲ್ಲಿ ಮೊದಲ ಲೆಕ್ಕಗಳೇ ನಾಣ್ಯ ಮತ್ತು ದಾಳ. ದಾಳವನ್ನು ಕೈಯಲ್ಲಿ ಹಿಡಿಯದ ಮಗುವಿಗೆ ನಾವು "ಒಂದು ದಾಳವನ್ನು ಉರುಳಿಸಿದಾಗ" ಎಂದು ಬಾಯಿಪಾಠ ಮಾಡಿಸುತ್ತೇವೆ. ಪಾಠದ ಸಮಯ ಉಳಿಸುವುದು ಹೀಗೋ? 2007ರ ಸುಮಾರಿಗೆ ರಾಜ್ಯದ ಪ್ರಾಥಮಿಕ ಶಾಲೆಗಳಿಗೆಲ್ಲ ಚಟುವಟಿಕೆ ಆಧಾರಿತ ಕಲಿಕೆ ಬಂದಾಗ, ಕಾರ್ಡು, ಏಣಿ, ಬುಟ್ಟಿ ಎಲ್ಲ ನಾವು ಮಾಡಿದವರೇ. ಆಟದಿಂದ ಕಲಿಸುವುದು ಕನ್ನಡ ಶಾಲೆಯವರಿಗೆ ಹೊಸದಲ್ಲ.

ಕಂಪ್ಯೂಟರ್ ಏಕೆ, ಕೈಯ ದಾಳ ಸಾಲದೇ ಎಂದರೆ, ಸಾಕು. ನಿಜವಾಗಿಯೂ ಸಾಕು. ಅಂಗಡಿಯಲ್ಲಿ ಐದು ದಾಳಕ್ಕೆ ದೊಡ್ಡ ಖರ್ಚೇನಿಲ್ಲ. ಆದರೆ ಕಂಪ್ಯೂಟರಿನಿಂದ ಎರಡು ಲಾಭ. ಅದು ತಪ್ಪಿಲ್ಲದೆ ಕೂಡುತ್ತದೆ, ಹಾಗಾಗಿ ಮಗು ಮೊದಲು ತಾನೇ ಕೂಡಿ ಆಮೇಲೆ ಪರದೆಯನ್ನು ನೋಡಿ ತಾಳೆ ಹಾಕಬಹುದು. ಮತ್ತೆ, ಒಂಟಿ ಮಗುವಿಗೂ ಎದುರಾಳಿಯಾಗಿ ಕೂರುತ್ತದೆ. ನಮ್ಮ ಕನ್ನಡ ಶಾಲೆಗಳಲ್ಲಿ ಒಂದು ತರಗತಿಗೆ ಮೂರೇ ಮಕ್ಕಳಿರುವುದೂ ಉಂಟು, ಅದರಲ್ಲೊಬ್ಬರು ಗೈರುಹಾಜರಾದರೆ ಆಟಕ್ಕೆ ಜನವೇ ಇಲ್ಲ!

ಒಂದು ಎಚ್ಚರಿಕೆ ಹೇಳಬೇಕು. ತಾಲಿಯಲ್ಲಿ ಮೌಸಿನಿಂದ ಒತ್ತಿದ ದಾಳ ಮತ್ತೆ ಉರುಳುತ್ತದೆ. ಬೇರೆ ಕೆಲವು ಪ್ರೋಗ್ರಾಂಗಳಲ್ಲಿ ಇದಕ್ಕೆ ತಿರುವುಮುರುವು, ಒತ್ತಿದ್ದು ಉಳಿಯುತ್ತದೆ, ಒತ್ತದ್ದು ಉರುಳುತ್ತದೆ. ಎರಡನ್ನೂ ಆಡುವ ಮಕ್ಕಳು ನಾಲ್ಕು ಆರುಗಳನ್ನು ಕೈಯಾರೆ ಕಳೆದುಕೊಂಡು ಕಂಪ್ಯೂಟರನ್ನು ಬೈಯುತ್ತಾರೆ. ಇಂಟರ್‌ನೆಟ್ ಬೇಕಿಲ್ಲ. 2011ರಿಂದ ಸರ್ಕಾರ ಪ್ಲಸ್ ಟೂ ಮಕ್ಕಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪುಗಳು ಹಲವು ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಅಂಥದ್ದಕ್ಕೆ ಡೆಬಿಯನ್ನೋ ಉಬುಂಟುವೋ ಹಾಕಿದರೆ ಈ ಆಟಕ್ಕೆ ಧಾರಾಳವಾಗಿ ಸಾಕು. ಫೋನಿನಲ್ಲಿ ಮಾತ್ರ ಆಡಿಸಬೇಡಿ. ಅಲ್ಲಿ ಆಟಕ್ಕಿಂತ ಜಾಹೀರಾತು ಹೆಚ್ಚು, ನಾಣ್ಯ ಕೊಳ್ಳಿ ಎಂಬ ಗುಂಡಿ ಬೇರೆ. ಯಾವುದರಿಂದ ತಪ್ಪಿಸಲು ಹೊರಟೆವೋ ಅದರ ಬಾಗಿಲಿಗೇ ಕರೆದುಕೊಂಡು ಹೋದಂತಾಗುತ್ತದೆ.

ಭಾಷೆಯ ವಿಷಯ ಇನ್ನೊಂದು ಮಾತು. ನಮ್ಮ ಮಗು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುತ್ತದೆ, ಪಾಠ ಕನ್ನಡದಲ್ಲಿ ಕೇಳುತ್ತದೆ, 2006ರ ಕಾಯ್ದೆಯಂತೆ ತಮಿಳನ್ನೂ ಕಲಿಯುತ್ತದೆ, ಕಂಪ್ಯೂಟರಿನ ಮುಂದೆ ಕೂತರೆ ಇಂಗ್ಲಿಷ್. ಹೆಚ್ಚು ಭಾಷೆ ಬರುವುದು ನಷ್ಟವೇನಲ್ಲ, ತಮಿಳನ್ನು ನಾವು ಪ್ರೀತಿಯಿಂದಲೇ ಕಲಿಸುತ್ತೇವೆ. ಆದರೆ ಸಾಧ್ಯತೆ, ನಷ್ಟ, ಆಯ್ಕೆ ಇಂಥವನ್ನು ಮಗು ಯೋಚಿಸುವುದು ತನಗೆ ಸಲೀಸಾದ ಮಾತಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠದ ಪುಸ್ತಕ ಕನ್ನಡದಲ್ಲೇ ಇದೆ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್, 2017ರಿಂದ ಕೈಟ್ ಎಂಬ ಹೆಸರಿನಲ್ಲಿ, ಸ್ವತಂತ್ರ ತಂತ್ರಾಂಶವನ್ನೇ ನಂಬಿ ಆ ಕೆಲಸ ಮಾಡಿದೆ. ನಮಗೆ ಅಂಥದ್ದು ಬರುವವರೆಗೆ ಕಾಯುತ್ತಾ ಕೂರಬೇಕೇ? ಒಂದು ಚಾರ್ಟು, ಒಂದು ಸ್ಕೆಚ್ ಪೆನ್ನು, 13 ಕನ್ನಡ ಹೆಸರು. ಇದಕ್ಕೆ ಯಾವ ಆದೇಶವೂ ಬೇಕಿಲ್ಲ. ನಾವಿಟ್ಟ ಹೆಸರುಗಳೇ ಬೇಕೆಂದೂ ಇಲ್ಲ, ಶೂಳಗಿರಿಯ ಮಕ್ಕಳು 'ಮೂರು-ಜೋಡಿ'ಗೆ ಬೇರೆ ಏನಾದರೂ ಹೇಳಿದರೆ ಅದೇ ಸರಿ.

ಆರಂಭಿಸುವವರಿಗೆ ಒಂದೆರಡು ಕೆಲಸದ ಮಾತು. ನಾಲ್ಕು ಮಕ್ಕಳಿಗೆ ಒಂದು ಗುಂಪು ಮಾಡಿ. ಒಂದು ಆಟಕ್ಕೆ ಒಂದು ಪೀರಿಯಡ್ ಹಿಡಿಯುತ್ತದೆ, ಅವಸರ ಮಾಡಬೇಡಿ. 200 ದಾಟಿದರೆ ಚೆನ್ನಾಗಿ ಆಡಿದ್ದಾರೆ ಎಂದೇ ತಿಳಿಯಿರಿ. ಒಂದೂ ತಪ್ಪು ಮಾಡದೆ ಆಡುವ ಕಂಪ್ಯೂಟರಿನ ಸರಾಸರಿಯೇ ಸುಮಾರು 254. ಅಂಕಪಟ್ಟಿಯನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ತಾವೇ ಗೀರಲಿ, ಪ್ರತಿ ಸೊನ್ನೆಯ ಪಕ್ಕದಲ್ಲಿ ಅದನ್ನು ಅಲ್ಲೇ ಏಕೆ ಹಾಕಿದೆ ಎಂದು ಒಂದು ವಾಕ್ಯ ಬರೆಯಲಿ. ಆ ನೋಟ್‌ಬುಕ್ ಮನೆಗೂ ಹೋಗಲಿ, ತಂದೆ ತಾಯಿ ನೋಡಲಿ. ಕೈಯ ದಾಳದಲ್ಲಿ ಆಡುವಾಗ ಬೆಂಚಿನಿಂದ ಕೆಳಗೆ ಬಿದ್ದ ದಾಳ ಲೆಕ್ಕಕ್ಕಿಲ್ಲ, ಅದನ್ನು ಮಾತ್ರ ಮತ್ತೆ ಹಾಕಬೇಕು. ಇದನ್ನು ಆಟ ಶುರುವಾಗುವ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬೆಂಚಿನ ಕೆಳಗೆ ಬೀಳುವ ದಾಳವೆಲ್ಲ ಆರೇ ಆಗಿರುತ್ತದೆ.